ಹೊಲ ಲೀಸಿಗೆ ಕೊಡುವ ಮುನ್ನ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಸೋಲಾರ್ ಕಂಪನಿ, ಸಿಮೆಂಟ್ ಗಣಿ, ವಿದ್ಯುತ್ ಟವರ್ ಹೀಗೆ ಹೊಲದ ಬದುವಿಗೆ ಬಂದು ನಿಂತವರ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ರೈತರು ಬರೆದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಉತ್ತರ ಕೊಟ್ಟವರು ಪಹಣಿ, ನೋಂದಣಿ ಮತ್ತು ಲೀಸ್ ಕಾಗದಗಳನ್ನು ದಿನವೂ ನೋಡುವವರು.

ಪ್ರಶ್ನೆ: ನಮ್ಮ ಸೋದರಳಿಯ ಅಮೆರಿಕದ ಪೆನ್ಸಿಲ್ವೇನಿಯಾದಾಗ ಇದ್ದಾನ. ಅಲ್ಲಿ ಹೊಲದ ಕೆಳಗ ಶೇಲ್ ಗ್ಯಾಸ್ (ಆಳದ ಶೇಲ್ ಬಂಡೆಯೊಳಗಿನ ಅನಿಲ) ಇದ್ರ ಕಂಪನಿಯವರು ಮನಿಗೇ ಬಂದು ಲೀಸ್ ಬರೆಸಿಕೊಂಡು ರಾಯಲ್ಟಿ (ತೆಗೆದ ಗ್ಯಾಸಿನ ಹಣದಾಗ ಪಾಲು) ಕೊಡ್ತಾರಂತ. ನಮ್ಮ ಹೊಲದ ಕೆಳಗ ಗ್ಯಾಸ್ ಸಿಕ್ರ ನಮಗೂ ಹಂಗೇ ಬರ್ತದೇನ್ರಿ? (ಭಾಲ್ಕಿ ತಾಲ್ಲೂಕು)

ಉತ್ತರ: ಬರುವುದಿಲ್ಲ. ಹಿಂದಿನವರು ಖನಿಜದ ಹಕ್ಕನ್ನು ಬೇರೆ ಮಾಡಿ ಮಾರಿರದಿದ್ದರೆ, ಅಲ್ಲಿ ನೆಲದ ಒಡೆಯನೇ ಕೆಳಗಿನ ಗ್ಯಾಸಿಗೂ ಒಡೆಯ. ಪೆನ್ಸಿಲ್ವೇನಿಯಾದ 1979ರ ಕಾನೂನಿನ ಪ್ರಕಾರ ಅವನಿಗೆ ಕನಿಷ್ಠ ಎಂಟನೇ ಒಂದು ಭಾಗ, ಅಂದರೆ ಶೇ 12.5 ರಾಯಲ್ಟಿ ಸಿಗಬೇಕು. ನಮ್ಮ ದೇಶದಲ್ಲಿ ತೈಲ, ಗ್ಯಾಸ್ ತೆಗೆಯುವ ಲೀಸ್ ಕೊಡುವುದು ಸರ್ಕಾರ, ರಾಯಲ್ಟಿ ಹೋಗುವುದೂ ಸರ್ಕಾರಕ್ಕೆ. 1948ರ ತೈಲಕ್ಷೇತ್ರಗಳ ಕಾಯ್ದೆಗೆ 2025ರಲ್ಲಿ ಆದ ತಿದ್ದುಪಡಿ ಶೇಲ್ ಗ್ಯಾಸನ್ನೂ ಅದರೊಳಗೆ ತಂದಿದೆ. ರೈತನಿಗೆ ಸಿಗುವುದು ಮೇಲ್ಮೈ ಬಳಕೆಯ ಪರಿಹಾರ ಮಾತ್ರ. ಗ್ಯಾಸ್ ಪೈಪು ಹೊಲದೊಳಗೆ ಹಾದುಹೋದರೂ 1962ರ ಪೈಪ್‌ಲೈನ್ ಕಾಯ್ದೆ ಕೊಡಿಸುವುದು ಪೈಪ್ ಹಾದ ಪಟ್ಟಿಯ ಮಾರುಕಟ್ಟೆ ಬೆಲೆಯ ಶೇ 10 ಮತ್ತು ಬೆಳೆ ಹಾನಿ. ದೇಶದಲ್ಲಿ ಶೇಲ್ ಗ್ಯಾಸಿಗೆಂದು ಗುರುತಿಸಿರುವುದು ಕ್ಯಾಂಬೆ, ಕೃಷ್ಣಾ–ಗೋದಾವರಿ, ಕಾವೇರಿ, ದಾಮೋದರದಂಥ ಕಣಿವೆಗಳನ್ನು. ನಿಮ್ಮ ಬೀದರ್ ಭಾಗದಲ್ಲಿ ಮೇಲಿರುವುದು ಜಂಬಿಟ್ಟಿಗೆ ಮತ್ತು ಕರಿಕಲ್ಲು.

ಆದರೂ ಅಲ್ಲಿನ ರೈತರು ಕಲಿತ ಎರಡು ವಿಷಯ ನಮಗೂ ಬೇಕು. ಮೊದಲನೆಯದು, ಶೇ 12.5 ಎಂದು ಬರೆಸಿಕೊಂಡವರು 'ಯಾವ ಮೊತ್ತದ ಮೇಲೆ' ಎಂದು ಬರೆಸಿಕೊಂಡಿರಲಿಲ್ಲ. ಬಾವಿಯಿಂದ ಹೊರಬಂದ ಮೇಲಿನ ಸಾಗಣೆ, ಶುದ್ಧೀಕರಣದ ಖರ್ಚು ಕಳೆದು ರಾಯಲ್ಟಿ ಲೆಕ್ಕ ಹಾಕಬಹುದು ಎಂದು ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು, ಕೈಗೆ ಬರುವ ಚೆಕ್ಕು ಸಣ್ಣದಾಯಿತು. ಎರಡನೆಯದು, ನೂರಾರು ಎಕರೆಯ ಲೀಸಿನಲ್ಲಿ ಒಂದೇ ಬಾವಿಯಿಂದ ಗ್ಯಾಸ್ ಬರುತ್ತಿದ್ದರೂ ಸಾಕು, ಅವಧಿ ಮುಗಿದ ಮೇಲೂ ಇಡೀ ಜಮೀನು ಕಂಪನಿಯ ಹಿಡಿತದಲ್ಲಿ ಉಳಿಯುತ್ತಿತ್ತು. ಆಮೇಲೆ ಎಚ್ಚೆತ್ತವರು 'ಬಳಸದ ಭಾಗ ಬಿಟ್ಟುಕೊಡಬೇಕು' ಎಂಬ ಷರತ್ತನ್ನು ಸೇರಿಸತೊಡಗಿದರು. ಇದೇ ಎರಡು ತೊಡಕು ನಮ್ಮ ಸೋಲಾರ್ ಕಾಗದಗಳಲ್ಲೂ ಇವೆ. ಮುಂದಿನ ಉತ್ತರಗಳನ್ನು ಅದೇ ಕಣ್ಣಿನಿಂದ ಓದಿ.

ಪ್ರಶ್ನೆ: 11 ಎಕರೆ ಎರೆಹೊಲ ಅದ. ಏಜೆಂಟ್ ಒಬ್ಬ ಎಕರೆಗೆ 10 ಸಾವಿರ ಮುಂಗಡ ಕೊಡ್ತೀನಿ, ಬಾಂಡ್ ಪೇಪರ್ ಮ್ಯಾಲ ಸಹಿ ಮಾಡ್ರಿ, ಲೀಸ್ ಆಮ್ಯಾಲ ಸೋಲಾರ್ ಕಂಪನಿ ಮಾಡ್ತದ ಅಂತಾನ. ರಜಿಸ್ಟರ್ ಆಗದ ಕಾಗದ, ಏನೂ ಆಗೂದಿಲ್ಲ ಅಂತಾರ ಊರಾಗ. ಸಹಿ ಮಾಡ್ಲೇನ್ರಿ? (ಜೇವರ್ಗಿ ತಾಲ್ಲೂಕು)

ಉತ್ತರ: ಈ ರೂಪದಲ್ಲಿ ಮಾಡಬೇಡಿ. 'ಏನೂ ಆಗೋದಿಲ್ಲ' ಎಂಬ ಮಾತೇ ಹೆಚ್ಚು ಜನರನ್ನು ಸಿಕ್ಕಿಸಿರುವುದು. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್ 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ನೋಂದಣಿ ಆಗಲೇಬೇಕು, ಅದು ನಿಜ. ಆದರೆ ಅದೇ ಕಾಯ್ದೆಯ 49ನೇ ಕಲಂ, ಕರಾರು ಜಾರಿ ಮಾಡಿಸಿಕೊಡಿ ಎಂಬ ದಾವೆಯಲ್ಲಿ ನೋಂದಣಿಯಾಗದ ಕಾಗದವನ್ನೂ ಸಾಕ್ಷಿಯಾಗಿ ಹಾಜರು ಮಾಡಲು ಬಿಡುತ್ತದೆ. ನಾಳೆ ಪಕ್ಕದ ಹೊಲಕ್ಕೆ ಹೆಚ್ಚಿನ ದರ ಬಂದು ನೀವು ಬೇರೆಯವರ ಜೊತೆ ಮಾತಾಡಿದರೆ, ಈ ಕಾಗದ ಹಿಡಿದು ತಡೆಯಾಜ್ಞೆ ತರಬಹುದು.

ನಿಮ್ಮ ಮುಂದಿರುವ ಕಾಗದ ಲೀಸ್ ಅಲ್ಲ, ಜಮೀನನ್ನು ಕಾಯ್ದಿರಿಸುವ ಕರಾರು. ಇಂಥ ಕಾಗದಗಳನ್ನು ಕೂಡಿಸಿ ಏಜೆಂಟ್ ಕಂಪನಿಗೆ ಒಪ್ಪಿಸುತ್ತಾನೆ, ಕಂಪನಿ ಅದನ್ನು ತೋರಿಸಿ ಗ್ರಿಡ್ ಸಂಪರ್ಕ ಮತ್ತು ಸಾಲಕ್ಕೆ ಅರ್ಜಿ ಹಾಕುತ್ತದೆ. ಅಲ್ಲಿ ತಡವಾದರೆ ನಿಮ್ಮ ಹೊಲ ಸುಮ್ಮನೆ ಕಟ್ಟಿಬಿದ್ದಿರುತ್ತದೆ. ಆದ್ದರಿಂದ ಕೊನೆಯ ದಿನಾಂಕ ಇಲ್ಲದ ಕಾಗದವನ್ನು ಮುಟ್ಟಲೇಬೇಡಿ. 12 ತಿಂಗಳು, ಹೆಚ್ಚೆಂದರೆ ಇನ್ನೊಂದು 6 ತಿಂಗಳು, ಅದಕ್ಕೂ ಹೊಸದಾಗಿ ಹಣ ಎಂದು ಬರೆಸಿ. ಅಷ್ಟರೊಳಗೆ ಲೀಸ್ ನೋಂದಣಿ ಆಗದಿದ್ದರೆ ಕರಾರು ತಾನಾಗಿಯೇ ರದ್ದು, ಮುಂಗಡ ವಾಪಸ್ ಕೊಡುವಂತಿಲ್ಲ. ಅಲ್ಲಿಯವರೆಗೆ ಬಿತ್ತನೆ ನಿಮ್ಮದೇ. ಬೆಳೆ ನಿಂತಾಗ ಸರ್ವೆಗೋ ಮಣ್ಣು ಪರೀಕ್ಷೆಗೋ ಯಂತ್ರ ತಂದರೆ ಹಾನಿ ಕಟ್ಟಿಕೊಡಬೇಕು.

ಬಳಸದ ಭಾಗದ ಮಾತು ಇಲ್ಲಿಗೆ ಬರುತ್ತದೆ. 11 ಎಕರೆ ಕಾಯ್ದಿರಿಸಿ 8 ಎಕರೆಗೆ ಮಾತ್ರ ಲೀಸ್ ಮಾಡಿದರೆ ಉಳಿದ 3 ಎಕರೆ ಹೇಗಿರುತ್ತದೆ? ಹಳ್ಳದ ಕಡೆಯ ತುಂಡು ತಂತಿಬೇಲಿಯ ಹಿಂದೆ ಸಿಕ್ಕಿ ಬಂಡಿದಾರಿ ಇಲ್ಲದಂತಾಗುತ್ತದೆ. 'ತೆಗೆದುಕೊಂಡರೆ ಇಡೀ ಸರ್ವೆ ನಂಬರ್, ಇಲ್ಲವಾದರೆ ಉಳಿದ ತುಂಡಿಗೆ 12 ಅಡಿ ದಾರಿ' ಎಂದು ಬರೆಸಿ, ನಕ್ಷೆಯ ಮೇಲೆ ಗೆರೆ ಎಳೆಸಿ. ಭಾಗಶಃ ಲೀಸ್ ಆದರೆ 11ಇ ನಕ್ಷೆ (ಸರ್ವೆಯವರು ಆ ತುಂಡನ್ನು ಅಳೆದು ಕೊಡುವ ನಕ್ಷೆ) ಮಾಡಿಸಿದ ಮೇಲೆಯೇ ಮುಂದಿನ ಮಾತು.

ಕಾಗದದ ಕೊನೆಯ ಪುಟಗಳಲ್ಲಿ ಜಿಪಿಎ, ಅಂದರೆ ನಿಮ್ಮ ಪರವಾಗಿ ಎಲ್ಲ ವ್ಯವಹಾರ ಮಾಡುವ ಸಾಮಾನ್ಯ ಅಧಿಕಾರ ಪತ್ರ, ಅಡಗಿದೆಯೇ ನೋಡಿ. ಹಣ ಪಡೆದು, ಅವರ ಹಿತಕ್ಕಾಗಿ ಬರೆದುಕೊಟ್ಟ ಅಧಿಕಾರ ಪತ್ರವನ್ನು ಆಮೇಲೆ ರದ್ದು ಮಾಡುವುದು ಬಹಳ ಕಷ್ಟ. ಭೂ ಪರಿವರ್ತನೆಯ ಅರ್ಜಿಗೆ ಸಹಿ ಬೇಕಿದ್ದರೆ ಆ ಒಂದೇ ಕೆಲಸಕ್ಕೆ, ಅವಧಿ ಹಾಕಿ, ವಿಶೇಷ ಅಧಿಕಾರ ಪತ್ರ ಕೊಡಿ. ಮಾರುವ, ಅಡವಿಡುವ ಅಧಿಕಾರ ಅದರಲ್ಲಿ ಇರಬಾರದು. ಪರಿವರ್ತನೆ ಕಂಪನಿಯ ಹೊಣೆ, ಖರ್ಚೂ ಅವರದು. ಕೃಷಿ ಜಮೀನನ್ನು ಹಾಗೆಯೇ ಲೀಸಿಗೆ ಕೊಡಲು ಭೂಸುಧಾರಣಾ ಕಾಯ್ದೆಯ 5ನೇ ಕಲಂ ಅಡ್ಡ ಬರುತ್ತದೆ, ಅದಕ್ಕೆ ಬೇಕಾದ ಆದೇಶದ ಪ್ರತಿ ನಿಮ್ಮ ಕೈಯಲ್ಲಿ ಇರಲಿ. ಮೂಲ ಕಾಗದಪತ್ರಗಳನ್ನು ಏಜೆಂಟನಿಗೆ ಕೊಡಬೇಡಿ, ಜೆರಾಕ್ಸ್ ಸಾಕು.

ಪ್ರಶ್ನೆ: ಎಕರೆಗೆ ವರ್ಷಕ್ಕೆ ಇಷ್ಟು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ ಎಂದು ಹೇಳುತ್ತಿದ್ದಾರೆ. ಇದು ನ್ಯಾಯದ ದರವೇ? (ಶಹಾಪುರ ತಾಲ್ಲೂಕು, ಯಾದಗಿರಿ)

ಉತ್ತರ: ಮೊದಲ ವರ್ಷದ ಅಂಕಿಗಿಂತ ಏರಿಕೆಯ ಸಾಲೇ ದೊಡ್ಡದು. ಪಾವಗಡ ಸೋಲಾರ್ ಪಾರ್ಕಿನಲ್ಲಿ ಎಕರೆಗೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಎಂದು ಶುರುವಾಯಿತು, ಈಗಲೂ ಏಜೆಂಟರು ಅದನ್ನೇ ಮಾದರಿ ಮಾಡಿಕೊಂಡಿದ್ದಾರೆ. 28 ವರ್ಷದ ಲೀಸಿಗೆ ಆ ಲೆಕ್ಕ ಹಾಕಿದರೆ ಕೊನೆಯ ವರ್ಷ ಸಿಗುವುದು ಸುಮಾರು 39,600. ಅದೇ 21,000ಕ್ಕೆ ಪ್ರತಿ ವರ್ಷ ಶೇ 5 ಏರಿಸಿದರೆ ಕೊನೆಯ ವರ್ಷ ಸುಮಾರು 78,400. ಎರಡರ ನಡುವೆ ಇರುವುದು 'ಎರಡು' ಎಂಬ ಒಂದು ಪದ ಮಾತ್ರ. ಮೊದಲ ವರ್ಷದ ದರದಲ್ಲಿ ಸಾವಿರ ರೂಪಾಯಿ ಬಿಟ್ಟುಕೊಟ್ಟಾದರೂ ವಾರ್ಷಿಕ ಏರಿಕೆ ಹಿಡಿಯಿರಿ.

ತೊಗರಿಯ ಜೊತೆ ಹೋಲಿಸುವಾಗ ಲೆಕ್ಕ ಸರಿಯಾಗಿ ಹಾಕಿ. ಎಕರೆಗೆ 5 ಕ್ವಿಂಟಲ್ ಬಂದರೆ 2025–26ರ ಬೆಂಬಲ ಬೆಲೆ 8,000 ರೂಪಾಯಿಯಂತೆ 40,000. ಬೀಜ, ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣೆ, ಕಳೆ, ರಾಶಿ ಮಾಡುವ ಕೂಲಿ ಎಲ್ಲ ಕಳೆಯಬೇಕು. ನೆಟೆರೋಗ ಬಿದ್ದ ವರ್ಷ ಇದು ಅರ್ಧಕ್ಕಿಳಿಯುತ್ತದೆ. ಇನ್ನೊಂದು ಕಡೆ, ಲೀಸಾದ ಜಮೀನಿಗೆ ಬೆಳೆ ಸಾಲ, ಬೆಳೆ ವಿಮೆ ಇಲ್ಲ, ಕೃಷಿಯೇತರ ಬಳಕೆಯ ಜಮೀನಿಗೆ ಪಿಎಂ ಕಿಸಾನ್ ಕೂಡ ಅನ್ವಯಿಸುವುದಿಲ್ಲ. ದನಕ್ಕೆ ಮೇವು, ಮನೆಗೆ ಜೋಳ ಕೊಂಡು ತರಬೇಕು. ಇರುವುದೆಲ್ಲವನ್ನೂ ಕೊಡಬೇಡಿ ಎಂಬುದು ನಮ್ಮ ಖಚಿತ ಸಲಹೆ.

ಬಾಡಿಗೆ ಯಾವತ್ತಿನಿಂದ ಎಂಬುದನ್ನು ಬಿಡಿಸಿ ಕೇಳಿ. ಕೆಲವು ಕರಡುಗಳಲ್ಲಿ 'ವಾಣಿಜ್ಯ ಉತ್ಪಾದನೆ ಶುರುವಾದ ದಿನದಿಂದ' ಎಂದಿರುತ್ತದೆ. ಆ ದಿನ ಎರಡು ವರ್ಷ ತಡವಾದರೂ ಬೇಲಿ ಮೊದಲೇ ಬಿದ್ದಿರುತ್ತದೆ. ನೋಂದಣಿಯ ದಿನದಿಂದಲೇ, ವರ್ಷದ ಬಾಡಿಗೆ ಮುಂಗಡವಾಗಿ, ನಿಮ್ಮ ಖಾತೆಗೆ ನೇರವಾಗಿ. ತಡವಾದರೆ ಬಡ್ಡಿ, 60 ದಿನ ದಾಟಿದರೆ ನೋಟಿಸ್ ಕೊಟ್ಟು ಲೀಸ್ ರದ್ದು ಮಾಡುವ ಹಕ್ಕು. ಪಿಎಂ ಕುಸುಮ್ 'ಎ' ಘಟಕದ ಸಣ್ಣ ಸ್ಥಾವರವಾದರೆ ಬಾಡಿಗೆಯನ್ನು ವಿದ್ಯುತ್ ಕಂಪನಿಯೇ, ನಮ್ಮ ಭಾಗಕ್ಕೆ ಜೆಸ್ಕಾಂ, ಡೆವಲಪರ್‌ಗೆ ಕೊಡುವ ಹಣದಲ್ಲಿ ಹಿಡಿದು ರೈತನ ಖಾತೆಗೆ ಹಾಕುವ ಆಯ್ಕೆ ಯೋಜನೆಯಲ್ಲೇ ಇದೆ. ಅದನ್ನು ಕೇಳಿ ಪಡೆಯಿರಿ.

ಎಕರೆ ಎಣಿಸುವಲ್ಲೂ ಜಗಳ ಬರುತ್ತದೆ. ಪಹಣಿಯಲ್ಲಿ 6 ಎಕರೆ 20 ಗುಂಟೆ, ಅದರಲ್ಲಿ 30 ಗುಂಟೆ ಖರಾಬು (ಸಾಗುವಳಿಗೆ ಬಾರದ ಜಾಗ) ಎಂದಿದ್ದರೆ ಕಂಪನಿ 5 ಎಕರೆ 30 ಗುಂಟೆಗೆ ಬಾಡಿಗೆ ಕೊಡುತ್ತದೆ, ಬೇಲಿ ಮಾತ್ರ ಪೂರ್ತಿ ಹಾಕುತ್ತದೆ. ನಿಮ್ಮ ಹಿಡುವಳಿಯೊಳಗಿನ 'ಎ' ಖರಾಬಿಗೂ ಬಾಡಿಗೆ ಕೇಳಿ. 'ಬಿ' ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ, ಅದನ್ನು ಲೀಸಿಗೆ ಕೊಡುವ ಹಕ್ಕು ನಿಮಗಿಲ್ಲ, ಬೇಲಿ ಹಾಕುವ ಹಕ್ಕು ಅವರಿಗೂ ಇಲ್ಲ.

ಪ್ರಶ್ನೆ: ಪಹಣಿ ಇನ್ನೂ ತೀರಿಕೊಂಡ ನಮ್ಮ ಅಪ್ಪನ ಹೆಸರಿನಲ್ಲಿದೆ. ಇಬ್ಬರು ಅಕ್ಕಂದಿರ ಮದುವೆಯಾಗಿದೆ. ನಾವು ಅಣ್ಣತಮ್ಮಂದಿರು ಸಹಿ ಮಾಡಿದರೆ ಸಾಕೆ? (ಆಳಂದ ತಾಲ್ಲೂಕು)

ಉತ್ತರ: ಸಾಲದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಮಗಳೂ ಹುಟ್ಟಿನಿಂದಲೇ ಪಾಲುದಾರಳು. ತಂದೆ 2005ಕ್ಕೂ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ) ಮಾಡಿಸಿ, ಅಕ್ಕಂದಿರನ್ನೂ ಕೂಡಿಸಿ ಸಹಿ ಮಾಡಿ, ಬಾಡಿಗೆಯ ಪಾಲು ಯಾರ ಖಾತೆಗೆ ಎಷ್ಟು ಎಂದು ಲೀಸಿನಲ್ಲೇ ಬರೆಸಿ. ಇಲ್ಲದಿದ್ದರೆ ನಡುವೆ ದಾವೆ ಬಿದ್ದು ಕಂಪನಿ ಬಾಡಿಗೆಯನ್ನು ಕೋರ್ಟಿಗೆ ಕಟ್ಟುತ್ತದೆ. ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ, 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಲೀಸ್ ಕೂಡ 'ಪರಭಾರೆ'ಯೇ, ಅಂದರೆ ಜಮೀನನ್ನು ಬೇರೆಯವರಿಗೆ ವರ್ಗಾಯಿಸಿದಂತೆಯೇ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ್ದು ನಿಲ್ಲುವುದಿಲ್ಲ.

ಪ್ರಶ್ನೆ: 28 ವರ್ಷ ಆದಮೇಲೆ ಕಂಬ, ಕಾಂಕ್ರೀಟು ಯಾರು ತೆಗೀತಾರ? ಕಂಪನಿ ಓಡಿಹೋದ್ರ? (ಗುರುಮಠಕಲ್)

ಉತ್ತರ: ಬಂದ ಪತ್ರಗಳಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಬಾಡಿಗೆಯ ಬಗ್ಗೆ ನಾಲ್ಕು ಸಲ ಕೂತು ಮಾತಾಡುವವರು ವಾಪಸಾತಿಯ ಬಗ್ಗೆ ಒಂದು ಸಾಲನ್ನೂ ಓದುವುದಿಲ್ಲ. ಸಾಮಾನ್ಯ ಕರಡಿನಲ್ಲಿ ಇರುವುದು 'ಲೀಸ್ ಮುಗಿದ ಮೇಲೆ ಕಂಪನಿ ತನ್ನ ಸಾಮಾನು ತೆಗೆದುಕೊಂಡು ಹೋಗಬಹುದು' ಎಂದು. 'ಹೋಗಬಹುದು' ಎಂದರೆ ಬೆಲೆ ಬಾಳುವ ಪ್ಯಾನೆಲ್, ತಾಮ್ರ, ಉಕ್ಕು ಹೋಗುತ್ತದೆ. ಕಾಂಕ್ರೀಟು ನಿಮಗೆ ಉಳಿಯುತ್ತದೆ. 'ತೆಗೆಯತಕ್ಕದ್ದು' ಎಂದು ಬದಲಿಸಿ.

ಒಂದು ಮೆಗಾವಾಟಿಗೆ 4ರಿಂದ 5 ಎಕರೆ ಬೇಕು. ಅಷ್ಟರಲ್ಲಿ ನೂರಾರು ಕಂಬ ನಿಲ್ಲುತ್ತವೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಕಂಬದ ಬುಡಕ್ಕೆ ಆಳವಾಗಿ ಕಾಂಕ್ರೀಟು ತುಂಬುತ್ತಾರೆ. ಕೊನೆಯಲ್ಲಿ ಗುತ್ತಿಗೆದಾರ ಸುಲಭದ ದಾರಿ ಹಿಡಿದು ಕಂಬವನ್ನು ನೆಲಮಟ್ಟಕ್ಕೆ ಕತ್ತರಿಸಿದರೆ, ಮೇಲೆ ಮಣ್ಣು ಮುಚ್ಚಿ ಹೊಲ ಸಾಫಾಗಿ ಕಾಣುತ್ತದೆ, ಮೊದಲ ಮಳೆಗೆ ಟ್ರ್ಯಾಕ್ಟರ್ ನೇಗಿಲು ಹೂಡಿದಾಗ ಕುಳ ಮುರಿಯುತ್ತದೆ. ಆದ್ದರಿಂದ 'ಕಾಂಕ್ರೀಟನ್ನು ಬುಡಸಹಿತ ಕಿತ್ತು, ಗುಂಡಿಯನ್ನು ಅದೇ ಹೊಲದ ಎರೆಮಣ್ಣಿನಿಂದ ಮುಚ್ಚಬೇಕು, ಕೇಬಲ್ ಪೂರ್ತಿ ತೆಗೆಯಬೇಕು' ಎಂದು ಬರೆಸಿ. ಒಳರಸ್ತೆಗೆ ಹಾಸಿದ ಮೊರಂ ಎತ್ತಿ ಹೊರಗೆ ಸಾಗಿಸಬೇಕು. ಎರೆಯೊಳಗೆ ಬೆರೆತ ಮೊರಮನ್ನು ಆಮೇಲೆ ಆರಿಸಿ ತೆಗೆಯಲಾಗದು. ರಸ್ತೆ, ಕಟ್ಟಡದ ಜಾಗದ ಮೇಲ್ಮಣ್ಣನ್ನು ಶುರುವಿನಲ್ಲೇ ಕೆರೆದು ಮೂಲೆಯಲ್ಲಿ ರಾಶಿ ಹಾಕಿಸಿ. ಕಾಮಗಾರಿಗೆ ಮುಂಚೆ ಮಣ್ಣು ಪರೀಕ್ಷೆಯ ವರದಿ, ದಿನಾಂಕ ಬೀಳುವ ಫೋಟೋಗಳು ಲೀಸಿನ ಜೊತೆ ಲಗತ್ತಾಗಿರಲಿ.

ನೀರಿನ ಹರಿವನ್ನೂ ಮರೆಯಬೇಡಿ. ಸಾಲು ಪ್ಯಾನೆಲಿನ ಮೇಲೆ ಬಿದ್ದ ಮಳೆ ಒಂದೇ ಅಂಚಿನಿಂದ ಸುರಿದು ಕಾಲುವೆ ಕೊರೆಯುತ್ತದೆ. ಮಟ್ಟ ಮಾಡುವಾಗ ಒಡ್ಡು ಒಡೆದರೆ ಕೆಳಗಿನ ಹೊಲದವರ ಬೆಳೆ ಕೊಚ್ಚಿಹೋಗಿ ಅವರು ಜಗಳಕ್ಕೆ ಬರುವುದು ನಿಮ್ಮ ಮನೆಗೆ. ಒಡ್ಡು, ಬಸಿಗಾಲುವೆ ಇಟ್ಟುಕೊಳ್ಳುವ ಹೊಣೆ, ನೆರೆಯವರಿಗೆ ಆದ ಹಾನಿ ಎರಡೂ ಕಂಪನಿಯದು ಎಂದು ಇರಲಿ.

ಓಡಿಹೋಗುವ ಭಯಕ್ಕೆ ಆಧಾರವಿದೆ. ನಿಮ್ಮ ಜೊತೆ ಸಹಿ ಮಾಡುವುದು ಸಾಮಾನ್ಯವಾಗಿ ಆ ಒಂದು ಯೋಜನೆಗೆಂದೇ ತೆರೆದ ಸಣ್ಣ ಕಂಪನಿ, ದೊಡ್ಡ ಹೆಸರಿನ ಮಾತೃ ಕಂಪನಿಯ ಸಹಿ ಇರುವುದಿಲ್ಲ. ಆ ಸಣ್ಣ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ದಿವಾಳಿ ಸಂಹಿತೆಯ 14ನೇ ಕಲಂ ಪ್ರಕಾರ ಪ್ರಕ್ರಿಯೆ ನಡೆಯುವಷ್ಟು ಕಾಲ ಮಾಲೀಕ ತನ್ನ ಜಮೀನನ್ನು ಬಿಡಿಸಿಕೊಳ್ಳುವಂತಿಲ್ಲ. ಅದಕ್ಕೇ ಬಾಡಿಗೆ ಮುಂಗಡವಾಗಿ ಬರಬೇಕು ಎಂದದ್ದು. ತೆರವಿನ ಖರ್ಚಿಗೆ ಬ್ಯಾಂಕ್ ಗ್ಯಾರಂಟಿ (ಕಂಪನಿ ಕೊಡದಿದ್ದರೆ ಬ್ಯಾಂಕೇ ಹಣ ಕೊಡುವ ಖಾತರಿ) ಕೇಳಿ. ಮೊದಲ ದಿನವೇ ಕೊಡಲು ಒಪ್ಪದಿದ್ದರೆ 10ನೇ ವರ್ಷದಿಂದ ಎಂದಾದರೂ ಹಿಡಿಯಿರಿ, ಐದು ವರ್ಷಕ್ಕೊಮ್ಮೆ ಮೊತ್ತ ಪರಿಷ್ಕರಣೆಯಾಗಲಿ. ಒಬ್ಬರೇ ಕೇಳಿದರೆ ಸಿಗದು. ಒಂದೇ ಬ್ಲಾಕಿನ ಇಪ್ಪತ್ತು ರೈತರು ಕೂಡಿ ಒಂದೇ ಕರಡು ಮುಂದಿಟ್ಟರೆ ಕಂಪನಿ ಕೂತು ಮಾತಾಡುತ್ತದೆ, ಏಕೆಂದರೆ ನಡುವೆ ಒಂದು ಸರ್ವೆ ನಂಬರ್ ತಪ್ಪಿದರೂ ಅವರ ನಕ್ಷೆ ಕೆಡುತ್ತದೆ. ತೆರವಿಗೆ 6 ತಿಂಗಳು, ಅಲ್ಲಿಯವರೆಗೂ ಬಾಡಿಗೆ, ಆಮೇಲೂ ಖಾಲಿ ಮಾಡದಿದ್ದರೆ ದುಪ್ಪಟ್ಟು. ಪಹಣಿಯಲ್ಲಿ ಮತ್ತೆ ಕೃಷಿ ಎಂದು ದಾಖಲಿಸುವ ಅರ್ಜಿಯ ಖರ್ಚೂ ಅವರದೇ.

ಇನ್ನೆರಡು ಸಾಲು ನೋಡಿ. ಕಂಪನಿ ಸಾಲಕ್ಕೆ ಅಡವಿಡಬಹುದಾದದ್ದು ತನ್ನ ಲೀಸಿನ ಹಕ್ಕನ್ನು ಮಾತ್ರ, ನಿಮ್ಮ ಮಾಲೀಕತ್ವವನ್ನಲ್ಲ. ವ್ಯಾಜ್ಯದ ಪಂಚಾಯಿತಿ (ಆರ್ಬಿಟ್ರೇಷನ್) ನಡೆಯುವ ಜಾಗ ಬೆಂಗಳೂರು, ಮುಂಬೈ ಅಲ್ಲ, ಕಲಬುರಗಿ ಎಂದಿರಲಿ. ಇಲ್ಲೇ ಹೈಕೋರ್ಟಿನ ಕಾಯಂ ಪೀಠ ಇದೆ. ಪಂಚರನ್ನು ಕಂಪನಿಯೇ ಏಕಪಕ್ಷೀಯವಾಗಿ ನೇಮಿಸುವ ಸಾಲಿದ್ದರೆ ಹೊಡೆದುಹಾಕಿಸಿ. ಇಂಗ್ಲಿಷ್ ಕರಡಿನ ಜೊತೆ ಕನ್ನಡ ಪ್ರತಿಯೂ ನೋಂದಣಿಯಾಗಲಿ.

ಪ್ರಶ್ನೆ: ಸಿಮೆಂಟ್ ಕಂಪನಿಗೆ ಸರ್ಕಾರ ಕೊಟ್ಟ ಗಣಿ ಲೀಸಿನಲ್ಲಿ ನನ್ನ ಸರ್ವೆ ನಂಬರ್ ಸೇರಿದೆ. ಸುಣ್ಣದ ಕಲ್ಲು ನನ್ನದಲ್ಲವೇ? (ಚಿತ್ತಾಪುರ ತಾಲ್ಲೂಕು)

ಉತ್ತರ: ಕಾನೂನಿನಿಂದ ಕಳೆದುಕೊಂಡಿರದಿದ್ದರೆ ನೆಲದಡಿಯ ಖನಿಜದ ಹಕ್ಕು ನೆಲದ ಒಡೆಯನದೇ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ, ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಆದರೆ ಒಡೆತನವಿದ್ದ ಮಾತ್ರಕ್ಕೆ ಅಗೆಯುವ ಹಕ್ಕು ಬರುವುದಿಲ್ಲ. ಸಿಮೆಂಟಿನ ಸುಣ್ಣದ ಕಲ್ಲು ಪ್ರಧಾನ ಖನಿಜ, 2015ರಿಂದ ಹರಾಜಿನಲ್ಲೇ ಲೀಸ್. ಟನ್ನಿಗೆ 80 ರೂಪಾಯಿ ರಾಯಲ್ಟಿ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ನೀವು ಚೌಕಾಸಿ ಮಾಡಬಹುದಾದದ್ದು ಮೇಲ್ಮೈಗೆ, ಅದಕ್ಕೆ ಗಣಿ ಕಾಯ್ದೆಯ 24ಎ ಕಲಂನಲ್ಲಿ ಪರಿಹಾರದ ದಾರಿ ಇದೆ.

ಇಲ್ಲಿ ನಮ್ಮ ಸಲಹೆ ಸೋಲಾರಿಗಿಂತ ಬೇರೆ. ಬಯಲು ಗಣಿ ಆದ ಹೊಲ ಹೊಲವಾಗಿ ವಾಪಸ್ ಬರುವುದಿಲ್ಲ, ಆಳದ ಹೊಂಡವಾಗಿ ಬರುತ್ತದೆ. ವರ್ಷದ ಬಾಡಿಗೆಗೆ ಒಪ್ಪಬೇಡಿ, ಮಾರಾಟದ ಬೆಲೆಯೊಂದಿಗೇ ತೂಗಿ ನೋಡಿ. ಕೆಲಸ ಕೊಡುತ್ತೇವೆ ಎಂಬ ಮಾತು ಬಾಯಲ್ಲೇ ಉಳಿಯುತ್ತದೆ, ಹುದ್ದೆ, ಕಾಯಂ ಅಥವಾ ಗುತ್ತಿಗೆ, ಸೇರುವ ದಿನಾಂಕ ಕರಾರಿನಲ್ಲಿ ಬರಲಿ. ಪಕ್ಕದಲ್ಲೇ ಮನೆ ಇದ್ದರೆ ಸ್ಫೋಟ ಶುರುವಾಗುವ ಮೊದಲೇ ಗೋಡೆಗಳ ಫೋಟೋ ತೆಗೆದಿಡಿ. ಬಿರುಕು ಬಿಟ್ಟಾಗ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಕಂಪನ ಮಿತಿಯನ್ನು ಕೇಳಿ, ಸಾಮಾನ್ಯ ಮನೆಗೆ ಕಡಿಮೆ ಆವರ್ತದ ಕಂಪನದಲ್ಲಿ ಅದು ಸೆಕೆಂಡಿಗೆ 5 ಮಿ.ಮೀ. ಅಳತೆಯ ದಾಖಲೆ ಕಂಪನಿ ತೋರಿಸಲಿ. ಊರಿನ ನೀರು, ಶಾಲೆ, ಆಸ್ಪತ್ರೆಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇರುತ್ತದೆ, ಗ್ರಾಮಸಭೆಯ ಠರಾವು ಮಾಡಿ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ.

ಪ್ರಶ್ನೆ: ಹೊಲದಲ್ಲಿ ಟವರ್ ನಿಲ್ಲಿಸುತ್ತೇವೆ, ಬೆಳೆ ಪರಿಹಾರ ಮಾತ್ರ ಎನ್ನುತ್ತಾರೆ. ಬೇಡ ಎನ್ನಬಹುದೇ? (ಬಸವಕಲ್ಯಾಣ)

ಉತ್ತರ: ಟೆಲಿಗ್ರಾಫ್ ಅಧಿಕಾರ (ಮಾಲೀಕರ ಒಪ್ಪಿಗೆ ಇಲ್ಲದೆಯೂ ಜಮೀನಿನ ಮೇಲೆ ಲೈನ್ ಎಳೆಯಲು ಸರ್ಕಾರ ಕೊಡುವ ಅಧಿಕಾರ) ಪಡೆದ ಲೈನಾದರೆ ತಡೆಯುವುದು ಕಷ್ಟ. ನೀವು ಅಡ್ಡ ನಿಂತರೆ ಅವರು ಜಿಲ್ಲಾಧಿಕಾರಿಯ ಆದೇಶ ತರುತ್ತಾರೆ. ಆದರೆ ಬೆಳೆ ಪರಿಹಾರ ಮಾತ್ರ ಎಂಬುದು ಸುಳ್ಳು. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಜೂನ್ ಮಾರ್ಗಸೂಚಿ 66 ಕೆವಿ ಮತ್ತು ಮೇಲಿನ ಲೈನಿಗೆ ಟವರ್ ಬುಡದ ಜಾಗಕ್ಕೆ ಭೂಮಿ ಬೆಲೆಯ ಶೇ 200, ತಂತಿಯ ಕೆಳಗಿನ ಪಟ್ಟಿಗೆ ಶೇ 30 ಎನ್ನುತ್ತದೆ. ಬುಡ ಎಂದರೆ ನಾಲ್ಕು ಕಾಲಿನ ಒಳಗಿನ ಜಾಗ ಮಾತ್ರವಲ್ಲ, ಸುತ್ತಲೂ ಇನ್ನೊಂದು ಮೀಟರ್ ಸೇರಿಸಿ ಅಳೆಯಬೇಕು. ನಿಮ್ಮ ಲೈನಿಗೆ ಯಾವ ದರದ ಆದೇಶ ಅನ್ವಯ ಎಂದು ಜಿಲ್ಲಾಧಿಕಾರಿ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ. ಮೊತ್ತ ಕಡಿಮೆ ಎನಿಸಿದರೆ ಹಣವನ್ನು 'ತಕರಾರಿನೊಂದಿಗೆ ಸ್ವೀಕರಿಸಿದ್ದೇನೆ' ಎಂದು ಬರೆದು ತೆಗೆದುಕೊಂಡು ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು.

ಪ್ರಶ್ನೆ: ಲೀಸ್ ಬಾಡಿಗೆಗೆ ತೆರಿಗೆ ಇದೆಯೇ? ಹೊಲದ ಹಣ ತಾನೇ? (ಅಫಜಲಪುರ)

ಉತ್ತರ: ಇದೆ. ಸೋಲಾರಿಗೆ ಕೊಟ್ಟ ಜಮೀನಿನ ಬಾಡಿಗೆ ಕೃಷಿ ಆದಾಯವಲ್ಲ, ನಿಮ್ಮ ಉಳಿದ ಆದಾಯಕ್ಕೆ ಕೂಡಿಸಿ ರಿಟರ್ನ್ ಹಾಕಬೇಕು. ಬಾಡಿಗೆ ತಿಂಗಳಿಗೆ 50 ಸಾವಿರ ದಾಟಿದರೆ ಕಂಪನಿ ಶೇ 10 ಮೂಲದಲ್ಲೇ ಮುರಿದುಕೊಳ್ಳುತ್ತದೆ, ಪಾನ್ ಕೊಡದಿದ್ದರೆ ಶೇ 20. ಬಾಡಿಗೆಯೆಲ್ಲ ಒಬ್ಬರ ಖಾತೆಗೇ ಬಂದರೆ ತೆರಿಗೆಯೂ ಅವರೊಬ್ಬರ ಮೇಲೆಯೇ ಬೀಳುತ್ತದೆ. ಪಹಣಿಯಲ್ಲಿ ಜಂಟಿ ಹೆಸರಿದ್ದರೆ ಪಾಲಿನ ಪ್ರಕಾರ ಬೇರೆ ಬೇರೆ ಖಾತೆಗೆ ಹಾಕಿಸಿಕೊಳ್ಳಿ.